ನೀಲಗಿರಿಯ ಹಿತ್ತಲಿಗೆ ಯಾವ ಗಿಡ? ಚಳಿ ತಡೆಯುವ ಹಣ್ಣು, ಪೊದೆ, ಹೂಗಿಡಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗುಂಡ್ಲುಪೇಟೆಯಲ್ಲಿ ಊಟಿ ಬಸ್ಸು ಹತ್ತಿದರೆ ಗೂಡಲೂರು ದಾಟುವಷ್ಟರಲ್ಲಿ ಕಿಟಕಿ ಮುಚ್ಚಲೇಬೇಕು. ಹಾಗೆ ಮೇಲೆ ಬಂದು ಮನೆ ಮಾಡಿದ ನಮ್ಮ ಕಡೆಯವರೆಲ್ಲ ಮೊದಲ ವರ್ಷ ಒಂದೇ ಕೆಲಸ ಮಾಡುತ್ತಾರೆ. ಊರಿಂದ ನುಗ್ಗೆ ಕೊಂಬೆ, ಕರಿಬೇವಿನ ಸಸಿ, ಬಾಳೆ ಕಂದು ತಂದು ನೆಡುತ್ತಾರೆ. ಮಳೆಗಾಲವೆಲ್ಲ ಚೆನ್ನಾಗೇ ಇರುತ್ತವೆ. ಜನವರಿಯ ಒಂದು ಬೆಳಗ್ಗೆ ಎದ್ದು ನೋಡಿದರೆ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿರುತ್ತವೆ. ಊಟಿ, ಕೂನೂರು ನಡುವಿನ ಕೇತಿ ಕಣಿವೆಯ ಈ ಮನೆಗೆ ಬಂದ ಹೊಸತರಲ್ಲಿ ನಾನೂ ಹಾಗೇ ಕೈ ಸುಟ್ಟುಕೊಂಡವಳು. ಈಗ ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಜಾಸ್ತಿ ಆಗಿವೆ. ಹೇಳಿದ್ದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ. ಈ ಬರಹದಲ್ಲಿ ಹಿಮ ಅಂದರೆ ಸಿನಿಮಾದಲ್ಲಿ ಬೀಳುವ ಹಿಮ ಅಲ್ಲ. ಬೆಳಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಕಾಣುವ, ಹೆಪ್ಪುಗಟ್ಟಿದ ಇಬ್ಬನಿ. ತಮಿಳಿನವರು ಉರೈಪನಿ ಎನ್ನುತ್ತಾರಲ್ಲ, ಅದು.

ಚಳಿ ತಡೆಯುವ ಹಣ್ಣಿನ ಗಿಡ ಯಾವುದು ತರಲಿ? ಒಂದು ಹೆಸರು ಹೇಳಿಬಿಡಿ.

ನಿಮ್ಮ ಮನೆ ಎಲ್ಲಿದೆ ಗೊತ್ತಾಗದೆ ಹೇಳಲಾರೆ. ಊಟಿ 2,240 ಮೀಟರ್ ಎತ್ತರದಲ್ಲಿದೆ, ಕೂನೂರು ಸುಮಾರು 1,850 ಮೀಟರ್. ಮೇಟ್ಟುಪಾಳ್ಯಂ ಕಡೆ ಘಾಟಿ ಇಳಿದರೆ ಬರ್ಲಿಯಾರ್, ಕಲ್ಲಾರ್ ಸರ್ಕಾರಿ ತೋಟಗಳಲ್ಲಿ ಮ್ಯಾಂಗೋಸ್ಟೀನ್, ಡೂರಿಯನ್ ಬೆಳೆಯುತ್ತವೆ. ಮೇಲೆ ಪ್ಲಮ್, ಕೆಳಗೆ ಮ್ಯಾಂಗೋಸ್ಟೀನ್. ಎಲ್ಲ ಒಂದೇ ಜಿಲ್ಲೆ, ಒಂದೇ ರಸ್ತೆ. ಹಾಗಾಗಿ "ನೀಲಗಿರಿಗೆ ಸೂಕ್ತ" ಎನ್ನುವ ಚೀಟಿಗೆ ಅರ್ಥವಿಲ್ಲ.

ಎತ್ತರವೊಂದೇ ಲೆಕ್ಕ ಎಂದೂ ತಿಳಿಯಬೇಡಿ. ಹಗಲಲ್ಲಿ ಮೇಲೆ ಹೋದಷ್ಟೂ ತಂಪು, ನಿಜ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಇಳಿಜಾರಿನಲ್ಲಿ ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೇ ಗುಡ್ಡದ ಮಧ್ಯದ ಮನೆಯಲ್ಲಿ ಜೆರೇನಿಯಂ ನಗುತ್ತಿರುವಾಗ ಕೆಳಗೆ ಹಳ್ಳದ ಪಕ್ಕದ ಮನೆಯಲ್ಲಿ ಆಲೂಗಡ್ಡೆ ಗಿಡ ಕಪ್ಪಾಗಿರುತ್ತದೆ. ನಡುವೆ ಇರುವುದು ನೂರಿನ್ನೂರು ಹೆಜ್ಜೆ ಅಷ್ಟೇ.

ನಮ್ಮ ಹಿತ್ತಲಲ್ಲಿ ಹಿಮ ಎಲ್ಲಿ ಕೂರುತ್ತದೆ ಎಂದು ತಿಳಿಯುವುದು ಹೇಗೆ?

ನಾನು ಮಾಡುವುದು ತಟ್ಟೆ ಪರೀಕ್ಷೆ. ಡಿಸೆಂಬರ್ ಕೊನೆಯಿಂದ ಜನವರಿಯೊಳಗೆ, ನಕ್ಷತ್ರ ಫಳಫಳ ಹೊಳೆಯುವ ಒಂದು ರಾತ್ರಿ ಆರಿಸಿಕೊಳ್ಳಿ. ನಾಲ್ಕೈದು ಸ್ಟೀಲ್ ತಟ್ಟೆಗೆ ತೆಳುವಾಗಿ ನೀರು ಹಾಕಿ. ಒಂದು ಬೇಲಿ ಬುಡದಲ್ಲಿ, ಒಂದು ಮನೆ ಗೋಡೆಯ ಹತ್ತಿರ, ಒಂದು ಮರದ ಕೆಳಗೆ, ಒಂದು ಹಿತ್ತಲಿನ ತೀರಾ ತಗ್ಗಿನಲ್ಲಿ ಇಡಿ. ಬೆಳಗ್ಗೆ ಆರಕ್ಕೆ ಎದ್ದು ನೋಡಿ. ನಮ್ಮಲ್ಲಿ ಬೇಲಿ ಬುಡದ ತಟ್ಟೆಯಲ್ಲಿ ಗಾಜಿನ ಹಾಗೆ ಮಂಜುಗಡ್ಡೆ ಕಟ್ಟಿತ್ತು. ಗೋಡೆ ಪಕ್ಕದ ತಟ್ಟೆಯಲ್ಲಿ ನೀರು ನೀರಾಗೇ ಇತ್ತು. ದೂರ ಅಳೆದರೆ ಹನ್ನೆರಡು ಅಡಿ!

ಮರದ ಕೆಳಗೂ ಹಿಮ ಕಡಿಮೆ. ಕೊಂಬೆಗಳು ಚಾವಣಿಯ ಕೆಲಸ ಮಾಡುತ್ತವೆ. ಇನ್ನೊಂದು ವಿಷಯ, ತಗ್ಗಿನ ಕಡೆ ದಟ್ಟ ಬೇಲಿಯೋ ಕಾಂಪೌಂಡ್ ಗೋಡೆಯೋ ಇದ್ದರೆ ಹರಿದುಬಂದ ತಣ್ಣನೆ ಗಾಳಿ ಅಲ್ಲೇ ಕಟ್ಟೆ ಕಟ್ಟಿದ ಹಾಗೆ ನಿಲ್ಲುತ್ತದೆ. ಬೇಲಿಯ ಬುಡದಲ್ಲಿ ಅಲ್ಲಲ್ಲಿ ಸಂದು ಬಿಡಿ. ಈ ಪರೀಕ್ಷೆ ಮಾಡದೆ ಗಿಡ ಕೊಳ್ಳಲು ಹೋಗಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಆನ್‌ಲೈನ್ ಪಟ್ಟಿಗಳಲ್ಲಿ "ಝೋನ್ 5", "ಝೋನ್ 9" ಎಂದಿರುತ್ತದೆ. ನಮ್ಮದು ಎಷ್ಟು?

ಅದು ಅಮೆರಿಕದ ಕೃಷಿ ಇಲಾಖೆಯ ಲೆಕ್ಕ. ಒಂದು ಊರಲ್ಲಿ ವರ್ಷದ ಅತಿ ತಣ್ಣನೆಯ ರಾತ್ರಿ ಸರಾಸರಿ ಎಷ್ಟು ಡಿಗ್ರಿಗೆ ಇಳಿಯುತ್ತದೆ ಎನ್ನುವುದರ ಮೇಲೆ ಮಾಡಿದ್ದು. ಝೋನ್ 10 ಅಂದರೆ 4.4 ಡಿಗ್ರಿಯಿಂದ ಮೈನಸ್ 1.1 ಡಿಗ್ರಿ ಸೆಲ್ಸಿಯಸ್. ಝೋನ್ 9 ಅಲ್ಲಿಂದ ಮೈನಸ್ 6.7ರವರೆಗೆ. ಊಟಿಯ ಸುತ್ತ ಚಳಿಗಾಲದ ರಾತ್ರಿ ಶೂನ್ಯದ ಆಚೀಚೆ ಬರುತ್ತದೆ. ಹಾಗಾಗಿ 9 ಅಥವಾ 10 ಎಂದಿರುವ ಗಿಡಗಳನ್ನು ನೋಡಬಹುದು.

ಝೋನ್ 4, 5 ಎಂದರೆ ಇನ್ನೂ ಗಟ್ಟಿ, ಇನ್ನೂ ಒಳ್ಳೆಯದು ಎಂದು ತರಿಸುವವರಿದ್ದಾರೆ. ತಪ್ಪು ಆಗುವುದು ಅಲ್ಲೇ. ಅಂಥ ಗಿಡ ನಮ್ಮ ಚಳಿಗೆ ಸಾಯುವುದಿಲ್ಲ, ಆದರೆ ನಮ್ಮ ಚಳಿ ಅದಕ್ಕೆ ಸಾಕಾಗುವುದಿಲ್ಲ. ಲೈಲಾಕ್, ಪಿಯೋನಿ, ಟ್ಯುಲಿಪ್ ಇವೆಲ್ಲ ಹೂವು ಬಿಡಲು ತಿಂಗಳುಗಟ್ಟಲೆ ಕೊರೆಯುವ ಚಳಿ ಬೇಡುತ್ತವೆ. ಇಲ್ಲಿ ಹಗಲಾದರೆ ಬಿಸಿಲು ಚುರುಕಾಗುತ್ತದೆ. ಟ್ಯುಲಿಪ್ ಮೊದಲ ವರ್ಷ ಗಡ್ಡೆಯೊಳಗಿನ ಬಲದಲ್ಲಿ ಒಂದು ಹೂವು ಕೊಟ್ಟು, ಆಮೇಲೆ ಬರೀ ಎಲೆ.

ಹಾಗಾದರೆ ಚಳಿ ತಡೆಯುವ ಗಿಡ, ಚಳಿ ಬೇಡುವ ಗಿಡ ಬೇರೆ ಬೇರೆಯಾ?

ಬೇರೆ ಬೇರೆ. ಇದೊಂದು ತಲೆಗೆ ಹೋದರೆ ಅರ್ಧ ದುಡ್ಡು ಉಳಿಯುತ್ತದೆ.

ಸೇಬು, ಪೇರ್, ಪ್ಲಮ್, ಪೀಚ್ ಎಲೆ ಉದುರಿಸಿ ನಿದ್ದೆ ಮಾಡುವ ಮರಗಳು. ಈ ನಿದ್ದೆ ಮುಗಿಯಲು ಇಂತಿಷ್ಟು ಗಂಟೆ ಚಳಿ ಸಿಗಬೇಕು. ಸಾಮಾನ್ಯವಾಗಿ 7.2 ಡಿಗ್ರಿಗಿಂತ ಕೆಳಗಿರುವ ಗಂಟೆಗಳನ್ನು ಕೂಡಿಸಿ ಲೆಕ್ಕ ಇಡುತ್ತಾರೆ. ಕಾಶ್ಮೀರ, ಹಿಮಾಚಲದ ಹಳೆಯ ಸೇಬು ತಳಿಗಳಿಗೆ 800 ಗಂಟೆಗೂ ಮೇಲೆ ಬೇಕು. ಅದು ಸಿಗದಿದ್ದರೆ ಮರ ನಿದ್ದೆಗಣ್ಣಲ್ಲೇ ಏಳುತ್ತದೆ. ಒಂದು ಕೊಂಬೆ ಫೆಬ್ರವರಿಯಲ್ಲಿ ಚಿಗುರುತ್ತದೆ, ಇನ್ನೊಂದು ಏಪ್ರಿಲ್‌ನಲ್ಲಿ. ಹೂವು ಅಲ್ಲೊಂದು ಇಲ್ಲೊಂದು. ಆದ್ದರಿಂದ ಹಣ್ಣಿನ ಗಿಡ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಎಷ್ಟು ಹಿಮ ತಡೆಯುತ್ತದೆ? ಎಷ್ಟು ಚಳಿ ಬೇಡುತ್ತದೆ? ಮೊದಲನೆಯದು ಜಾಸ್ತಿ, ಎರಡನೆಯದು ಕಡಿಮೆ ಇದ್ದರೆ ನಮಗೆ ಸರಿ.

ಸೇಬು ಬರುತ್ತಾ?

ಬರುತ್ತದೆ, ಆದರೆ ಅಂಗಡಿಯ ಸೇಬಿನ ಬೀಜ ಹಾಕಿ ಕಾಯಬೇಡಿ. ಬೀಜದ ಗಿಡ ತಾಯಿಯ ಗುಣ ಉಳಿಸಿಕೊಳ್ಳುವುದಿಲ್ಲ. ಕಡಿಮೆ ಚಳಿ ಬೇಡುವ ತಳಿಯ ಕಸಿ ಗಿಡವೇ ಬೇಕು. ಇಸ್ರೇಲಿನ ಅನ್ನಾ, ಬಹಾಮಾಸ್‌ನ ಡಾರ್ಸೆಟ್ ಗೋಲ್ಡನ್ ಇವೆರಡನ್ನು ಜೊತೆಯಾಗಿ ನೆಡುತ್ತಾರೆ. ಎರಡೂ ಒಟ್ಟಿಗೇ ಹೂವು ಬಿಡುವುದರಿಂದ ಒಂದರ ಪರಾಗ ಇನ್ನೊಂದಕ್ಕೆ ಸಿಗುತ್ತದೆ. ಹಿಮಾಚಲದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ ಬೆಳೆಸಿದ ಎಚ್‌ಆರ್‌ಎಂಎನ್-99 ತಳಿಯೂ ಈಗ ಎಲ್ಲ ಕಡೆ ಸಿಗುತ್ತದೆ. ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು.

ಯಾವ ಬುಡದ ಗಿಡದ ಮೇಲೆ ಕಸಿ ಕಟ್ಟಿದ್ದಾರೆ ಎಂದೂ ಕೇಳಿ. ಎಂಎಂ 106, ಎಂಎಂ 111 ಆದರೆ ಬಿಳಿ ಹತ್ತಿಯ ಹಾಗೆ ಬೇರಿಗೆ ಅಂಟುವ ಹೇನನ್ನು ತಡೆಯುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಇರುವುದು ಎರಡೇ ಮರದ ಜಾಗ ಅಂದರೆ ಸೇಬಿಗೆ ಕೊಡಬೇಡಿ. ಮಳೆಗಾಲದಲ್ಲಿ ಎಲೆ ಚುಕ್ಕೆ, ಹಣ್ಣಿಗೆ ಹುರುಪು ಕಟ್ಟುವ ರೋಗ, ಹಿಂದೆಯೇ ಮಂಗ. ಪಡುವ ಪಾಡಿಗೆ ಸಿಗುವ ಹಣ್ಣು ಕಡಿಮೆ.

ಮತ್ತೆ ಯಾವುದಕ್ಕೆ ಕೊಡಲಿ? ಪ್ಲಮ್, ಪೀಚ್, ಪೇರ್?

ಮೊದಲು ಪೇರ್. ಈ ಬೆಟ್ಟದಲ್ಲಿ ಇಷ್ಟು ಉಡಾಫೆಯಾಗಿ ಬೆಳೆಯುವ ಹಣ್ಣಿನ ಮರ ಇನ್ನೊಂದಿಲ್ಲ. ಹಳೆಯ ಬಂಗಲೆಗಳ ಹಿಂದೆ, ಟೀ ತೋಟದ ಲೈನ್ ಮನೆಗಳ ಪಕ್ಕ ಯಾರೂ ನೋಡದೆ ನಿಂತಿರುತ್ತದೆ. ಕೀಫರ್ ತಳಿ ಸಾಮಾನ್ಯ. ಹಣ್ಣು ಗಟ್ಟಿ, ಸ್ವಲ್ಪ ಮರಳು ಮರಳು. ಹಾಗೇ ತಿನ್ನಲು ಇಷ್ಟವಾಗದವರು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ನೋಡಿ. ನಮ್ಮ ಅತ್ತೆ ಇದರಲ್ಲಿ ಮಾವಿನಕಾಯಿಯ ಹಾಗೆ ಉಪ್ಪಿನಕಾಯಿ ಹಾಕುತ್ತಿದ್ದರು.

ಆಮೇಲೆ ಪ್ಲಮ್. ಹೇಲ್, ರೂಬಿಯೋ, ಗವಿಯೋಟಾ ಎನ್ನುವ ತಳಿಗಳು ಈ ಕಡೆ ನಡೆಯುತ್ತವೆ. ಜಪಾನಿ ಜಾತಿಯ ಹೆಚ್ಚಿನ ಪ್ಲಮ್‌ಗಳಿಗೆ ಜೋಡಿ ಬೇಕು. ಒಂದೇ ಮರ ಇಟ್ಟುಕೊಂಡು ಹೂವು ಬರುತ್ತದೆ, ಹೀಚು ನಿಲ್ಲುವುದಿಲ್ಲ ಎನ್ನುವವರು ಪಕ್ಕದ ಮನೆಯವರನ್ನು ಒಪ್ಪಿಸಿ ಬೇರೆ ತಳಿಯ ಒಂದು ಗಿಡ ನೆಡಿಸಿ.

ಪೀಚ್‌ಗೆ ಜೋಡಿ ಬೇಡ, ಒಂದೇ ಸಾಕು. ಫ್ಲೋರ್ಡಾಸನ್ ಥರದ ಕಡಿಮೆ ಚಳಿಯ ತಳಿ ತನ್ನಿ. ಪೀಚ್‌ನ ತೊಂದರೆ ಬೇರೆ. ಮರ ಗಟ್ಟಿ, ಹೂವು ಗಟ್ಟಿಯಲ್ಲ. ಕಡಿಮೆ ಚಳಿ ಬೇಡುವ ತಳಿ ಬೇಗ ನಿದ್ದೆಯಿಂದ ಏಳುತ್ತದೆ, ಜನವರಿ-ಫೆಬ್ರವರಿಯಲ್ಲೇ ಗುಲಾಬಿ ಬಣ್ಣದ ಹೂವು ತುಂಬಿಕೊಳ್ಳುತ್ತದೆ. ಹಿಮ ಬೀಳುವುದೂ ಆಗಲೇ ಅಲ್ವಾ. ಅರಳಿದ ಹೂವು ಮೈನಸ್ 2-3 ಡಿಗ್ರಿಗೆ ಸಾಯಲು ಶುರುವಾಗುತ್ತದೆ. ಹಾಗಾಗಿ ಪೀಚನ್ನು ತಗ್ಗಿನಲ್ಲಿ ನೆಡಲೇಬೇಡಿ, ಇಳಿಜಾರಿನ ಮಧ್ಯಕ್ಕೆ ಹಾಕಿ. ಪೀಚ್ ಹಣ್ಣು ಬಿಡುವುದು ಹಿಂದಿನ ವರ್ಷದ ಕೊಂಬೆಯಲ್ಲಿ. ಪ್ರತಿ ವರ್ಷ ಎಲೆ ಉದುರಿದ ಮೇಲೆ ಸವರದಿದ್ದರೆ ಹಣ್ಣು ಏಣಿ ಎತ್ತರಕ್ಕೆ ಹೋಗುತ್ತದೆ. ಪೇರ್, ಸೇಬಿನಲ್ಲಿ ಹಾಗಲ್ಲ. ಹಳೆಯ ಕೊಂಬೆಯ ಮೇಲಿನ ಗಿಡ್ಡ ಕಡ್ಡಿಗಳಲ್ಲಿ ವರ್ಷ ವರ್ಷ ಕಾಯಿ ಬರುತ್ತದೆ. ಅವನ್ನು ಒಣಕಡ್ಡಿ ಎಂದುಕೊಂಡು ಕತ್ತರಿಸಿದರೆ ನಿಮ್ಮ ಫಸಲನ್ನೇ ಕತ್ತರಿಸಿದ ಹಾಗೆ.

ಕೂನೂರಿನ ಸಿಮ್ಸ್ ಪಾರ್ಕ್ ಹತ್ತಿರ ಟೊಮೆಟೊ ಥರದ ಕಿತ್ತಳೆ ಬಣ್ಣದ ಹಣ್ಣು ನೋಡಿದೆ. ಏನದು?

ಪರ್ಸಿಮ್ಮನ್. ಕೂನೂರಿನ ಪೊಮಾಲಜಿಕಲ್ ಸ್ಟೇಷನ್‌ನಲ್ಲಿ, ಅಂದರೆ ಸರ್ಕಾರಿ ಹಣ್ಣಿನ ತೋಟದಲ್ಲಿ, ಹಳೆಯ ಮರಗಳಿವೆ. ಮನೆಗೆ ಬಹಳ ಒಳ್ಳೆಯ ಮರ. ಎಲೆ ಉದುರಿಸುತ್ತದೆ, ಹಿಮ ತಡೆಯುತ್ತದೆ, ಚಳಿಯ ಗಂಟೆ ಜಾಸ್ತಿ ಬೇಡುವುದಿಲ್ಲ. ಪರಾಗ ಸಿಗದಿದ್ದರೂ ಬೀಜವಿಲ್ಲದ ಹಣ್ಣು ಕೊಡುತ್ತದೆ. ಆದರೆ ತಳಿ ಕೇಳಿ ತನ್ನಿ. ಹಚಿಯಾ ಎನ್ನುವುದು ಪೂರ್ತಿ ಮೆತ್ತಗಾಗುವವರೆಗೆ ಬಾಯಿ ಒಗರು ಒಗರು, ನಾಲಿಗೆಗೆ ಸುಣ್ಣ ಬಳಿದ ಹಾಗೆ. ಫುಯು ಗಟ್ಟಿ ಇರುವಾಗಲೇ ತಿನ್ನಬಹುದು. ಹಚಿಯಾ ಇದ್ದರೆ ಅಕ್ಕಿ ಡಬ್ಬದಲ್ಲಿ ಒಂದೆರಡು ಬಾಳೆಹಣ್ಣಿನ ಜೊತೆ ಹುಗಿದಿಡಿ, ಬೇಗ ಮೆತ್ತಗಾಗುತ್ತದೆ.

ಬೆಣ್ಣೆ ಹಣ್ಣಿನ ಗಿಡ ಎರಡು ಸಲ ನೆಟ್ಟೆ. ಎರಡು ಸಲವೂ ಹೋಯಿತು. ಏಕೆ?

ಬೀಜದಿಂದ ಬಂದ ಗಿಡ ಆಗಿರಬೇಕು, ತಗ್ಗಿನಲ್ಲಿ ನೆಟ್ಟಿರಬೇಕು. ಬೆಣ್ಣೆ ಹಣ್ಣಿನಲ್ಲಿ ಮೂರು ಕುಲ ಇವೆ. ವೆಸ್ಟ್ ಇಂಡಿಯನ್ ಕುಲ ಹಿಮ ಕಂಡರೆ ಸಾಯುತ್ತದೆ. ಗ್ವಾಟೆಮಾಲನ್ ಸ್ವಲ್ಪ ತಡೆಯುತ್ತದೆ. ಮೆಕ್ಸಿಕನ್ ಎಲ್ಲಕ್ಕಿಂತ ಗಟ್ಟಿ. ಗುರುತು ಹಿಡಿಯಲು ಎಲೆ ಹಿಸುಕಿ ಮೂಸಿ ನೋಡಿ. ಮೆಕ್ಸಿಕನ್ ಕುಲದ ಎಲೆ ಸೋಂಪಿನ ಹಾಗೆ ವಾಸನೆ ಬರುತ್ತದೆ. ಫ್ಯುಯೆರ್ಟೆ ತಳಿ ಮೆಕ್ಸಿಕನ್, ಗ್ವಾಟೆಮಾಲನ್ ಸೇರಿ ಆದದ್ದು, ಹಾಸ್ ಎನ್ನುವ ತಳಿಗಿಂತ ಹೆಚ್ಚು ಚಳಿ ತಡೆಯುತ್ತದೆ. ಎರಡರ ಹೂವು ತೆರೆಯುವ ಹೊತ್ತು ಬೇರೆ ಬೇರೆ, ಅದಕ್ಕೇ ಜೋಡಿಯಾಗಿ ಇಟ್ಟರೆ ಕಾಯಿ ಚೆನ್ನಾಗಿ ಕಟ್ಟುತ್ತದೆ.

ಎಷ್ಟೇ ಗಟ್ಟಿ ತಳಿಯಾದರೂ ಮೊದಲ ಎರಡು ಮೂರು ಚಳಿಗಾಲ ಮಗುವಿನ ಹಾಗೆ ಹೊದಿಸಿ ನೋಡಿಕೊಳ್ಳಬೇಕು. ಕೂನೂರು, ಕೋಟಗಿರಿಯ ಇಳಿಜಾರಿನವರಿಗೆ ಈ ಕಷ್ಟ ಅಷ್ಟಾಗಿ ಇಲ್ಲ. ಊಟಿಯ ತಗ್ಗಿನವರು ಆಸೆ ಬಿಟ್ಟರೆ ಒಳ್ಳೆಯದು.

ನಿಂಬೆ, ಕಿತ್ತಳೆ, ಸೀಬೆ?

ಊರಿನ ನಿಂಬೆ ತೀರಾ ಸೂಕ್ಷ್ಮ. ಈ ಗುಂಪಿನಲ್ಲಿ ಕಮಲಾ ಕಿತ್ತಳೆ ಅದಕ್ಕಿಂತ ಗಟ್ಟಿ, ಪುಟ್ಟ ಕುಮ್‌ಕ್ವಾಟ್ ಇನ್ನೂ ಗಟ್ಟಿ. ನಿಂಬೆಯೇ ಬೇಕು ಎಂದರೆ ಮೇಯರ್ ನಿಂಬೆಯನ್ನು ಕುಂಡದಲ್ಲಿ ಇಟ್ಟು ಗೋಡೆಗೆ ಒರಗಿಸಿ. ಸೀಬೆಯ ಬದಲು ಫೀಜೋವಾ ನೆಟ್ಟು ನೋಡಿ. ಸೀಬೆಯ ದೂರದ ನೆಂಟ, ನಮ್ಮ ಹಿಮ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹೂವಿನ ದಪ್ಪ ದಳಗಳೂ ಸಿಹಿ, ಮಕ್ಕಳು ಹಣ್ಣಾಗಲು ಬಿಡುವುದಿಲ್ಲ. ಅಂಜೂರವೂ ತಡೆಯುತ್ತದೆ, ಆದರೆ ಮಳೆಯಲ್ಲಿ ಹಣ್ಣು ಬಿರಿಯುತ್ತದೆ. ಮರ ಟೊಮೆಟೊ ಮನೆಯ ಗೋಡೆ ಪಕ್ಕ ಮಾತ್ರ. ಬಾಳೆ ಮರೆತುಬಿಡಿ.

ಲೋಕ್ವಾಟ್ ಮರ ಸೊಂಪಾಗಿದೆ, ಪ್ರತಿ ವರ್ಷ ಹೂವು ಬರುತ್ತದೆ. ಕಾಯಿ ಇಲ್ಲ!

ಮರ ಗಟ್ಟಿ, ಆದರೆ ಅದು ಹೂವು ಬಿಡುವುದೇ ಚಳಿಗಾಲದ ಬಾಗಿಲಲ್ಲಿ. ಹೂವು, ಹೀಚು ಎರಡೂ ಹಿಮಕ್ಕೆ ಸಿಕ್ಕಿಹಾಕಿಕೊಳ್ಳುತ್ತವೆ. ಜಾಗ ಬದಲಿಸದೆ ಬೇರೆ ಉಪಾಯವಿಲ್ಲ. ನೆರಳಿಗಾಗಿ ಇಟ್ಟುಕೊಳ್ಳಿ.

ಬೆರ್ರಿ ಜಾತಿ ಯಾವುದಾದರೂ?

ಟೀ ಬೆಳೆಯುವ ಮಣ್ಣು ಹುಳಿ ಮಣ್ಣು. ಬೇರೆ ಊರಲ್ಲಿ ಬ್ಲೂಬೆರ್ರಿ ಹಾಕುವವರು ಗಂಧಕ ಬೆರೆಸಿ ಮಣ್ಣು ಹುಳಿ ಮಾಡಿಕೊಳ್ಳುತ್ತಾರೆ. ಅದಕ್ಕೆ ಬೇಕಾದ 4.5ರಿಂದ 5.5ರ ಪಿಎಚ್ (ಮಣ್ಣಿನ ಹುಳಿಯ ಅಳತೆ) ನಮಗೆ ಎಷ್ಟೋ ಕಡೆ ಸುಮ್ನೆ ಸಿಗುತ್ತದೆ. ಸದರ್ನ್ ಹೈಬುಷ್ ಗುಂಪಿನ ಮಿಸ್ಟಿ, ಶಾರ್ಪ್‌ಬ್ಲೂ, ಬಿಲೋಕ್ಸಿ ತಳಿಗಳು ಕಡಿಮೆ ಚಳಿಯವು. ಎರಡು ತಳಿ ಇಡಿ. ಬೂದಿ, ಸುಣ್ಣ ಹತ್ತಿರ ತರಬೇಡಿ. ಹಕ್ಕಿಗೆ ಬಲೆ ಹಾಕದಿದ್ದರೆ ನಿಮಗೆ ಒಂದೂ ಸಿಗುವುದಿಲ್ಲ. ಇದೇ ಹುಳಿ ಮಣ್ಣಲ್ಲಿ ಪ್ಲಮ್, ಪೀಚ್ ಹಾಕುವವರು ಮಾತ್ರ ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಕಡಿಮೆ ಮಾಡಲು ಗುಂಡಿಗೆ ಡಾಲಮೈಟ್ ಎನ್ನುವ ಸುಣ್ಣದ ಕಲ್ಲಿನ ಪುಡಿ ಹಾಕಬೇಕಾಗಬಹುದು.

ನಮ್ಮ ಬೆಟ್ಟದ್ದೇ ಗಿಡಗಳನ್ನು ಯಾಕೆ ಮರೆಯುತ್ತೀರಿ? ತವಿಟ್ಟು ಹಣ್ಣಿನ ಪೊದೆ ಗುಲಾಬಿ ಬಣ್ಣದ ಹೂವು, ನೇರಳೆ ಬಣ್ಣದ ಹಣ್ಣು ಎರಡೂ ಕೊಡುತ್ತದೆ. ಹಳದಿ ರಾಸ್ಬೆರಿಯ ಮುಳ್ಳುಪೊದೆ ಬೇಲಿಗೆ ಆಗುತ್ತದೆ. ಬಡಗರು ಜಕ್ಕಲ ಎನ್ನುವ ಗಿಡದ ಹುಳಿ ಹಣ್ಣು ನನಗೆ ಇಷ್ಟ. ಇವು ಇಲ್ಲಿನ ಹಿಮದಲ್ಲೇ ಹುಟ್ಟಿ ಬೆಳೆದವು, ನಿಮ್ಮ ಬೆಡ್‌ಶೀಟ್ ಕೇಳುವುದಿಲ್ಲ. ಕಾಡಿನಿಂದ ಕಿತ್ತು ತರಬೇಡಿ, ಬೀಜದಿಂದ ಮಾಡಿ.

ಹೂವಿನ ಪೊದೆಗಳಲ್ಲಿ ಯಾವುದು ಒಳ್ಳೆಯದು?

ಕಮೇಲಿಯಾ, ಅಜೇಲಿಯಾ, ಹೈಡ್ರೇಂಜಿಯಾ ಮೂರೂ ಹುಳಿ ಮಣ್ಣಿನವು. ಕಮೇಲಿಯಾ ಟೀ ಗಿಡದ ಅಕ್ಕತಂಗಿ, ಒಂದೇ ಕುಲ. ಅದನ್ನು ಪೂರ್ವದ ಬಿಸಿಲು ನೇರ ಬೀಳುವ ಕಡೆ ನೆಡಬೇಡಿ. ಹೆಪ್ಪುಗಟ್ಟಿದ ಮೊಗ್ಗು ನಿಧಾನವಾಗಿ ಕರಗಬೇಕು. ಬೆಳಗಿನ ಬಿಸಿಲು ಹೊಡೆದರೆ ಕಂದಾಗಿ ಉದುರುತ್ತದೆ.

ಹೈಡ್ರೇಂಜಿಯಾ ಬಗ್ಗೆ ಎಲ್ಲರೂ ಕೇಳುವುದು ಬಣ್ಣ. ಹುಳಿ ಮಣ್ಣಲ್ಲಿ ಅಲ್ಯೂಮಿನಿಯಂ ಬೇರಿಗೆ ಸಿಗುತ್ತದೆ, ಹೂವು ನೀಲಿ. ಹೊಸದಾಗಿ ಸಿಮೆಂಟ್ ಗೋಡೆ ಕಟ್ಟಿದವರ ಮನೆಯಲ್ಲಿ ಗೋಡೆ ಪಕ್ಕದ ಗಿಡ ಗುಲಾಬಿಗೆ ತಿರುಗುವುದುಂಟು. ಸಿಮೆಂಟಿನ ಸುಣ್ಣ ಮಣ್ಣಿಗೆ ಇಳಿದ ಪರಿಣಾಮ. ಒಣಗಿದ ಹೂಗೊಂಚಲನ್ನು ಚಳಿಗಾಲ ಮುಗಿಯುವವರೆಗೆ ಕೀಳಬೇಡಿ, ಕೆಳಗಿನ ಮೊಗ್ಗಿಗೆ ಅದೇ ಕೊಡೆ.

ಜಾಗ ಇದ್ದರೆ ನೀಲಗಿರಿಯದೇ ರೋಡೋಡೆಂಡ್ರಾನ್ ನೆಡಿ. ಇಲ್ಲಿನ ಕಣಿವೆಗಳ ನಿತ್ಯಹಸಿರು ಶೋಲಾ ಕಾಡಿನ ಮರಗಳ ಸಸಿಗಳು ಹುಲ್ಲುಗಾವಲಿನ ಹಿಮಕ್ಕೆ ಸಾಯುವಾಗ, ಬಯಲಲ್ಲಿ ಒಂಟಿಯಾಗಿ ನಿಂತು ಕೆಂಪು ಹೂವು ಬಿಡುವ ಮರ ಅದು. ಬೆಳೆಯುವುದು ಮಾತ್ರ ಬಹಳ ನಿಧಾನ, ನೆಟ್ಟವರು ಮೊಮ್ಮಕ್ಕಳಿಗೆ ಎಂದುಕೊಂಡು ನೆಡಬೇಕು.

ನೆಡಲೇಬಾರದ್ದು ಇದೆಯಾ?

ಇದೆ. ಹಳದಿ ಹೂವಿನ ಸ್ಕಾಚ್ ಬ್ರೂಮ್, ಮುಳ್ಳಿನ ಗೋರ್ಸ್, ಕಿತ್ತಳೆ ಹೂವಿನ ಸೆಸ್ಟ್ರಮ್. ಮೂರೂ ಚಳಿಗೆ ಜಗ್ಗುವುದಿಲ್ಲ, ನೋಡಲು ಚೆಂದ, ಯಾರಾದರೂ ಸುಮ್ನೆ ಕೊಡುತ್ತಾರೆ. ಹುಲ್ಲುಗಾವಲು, ಕಾಡಂಚು ನುಂಗಿರುವುದು ಇವೇ. ಬಾಳೆಹಣ್ಣಿನ ಆಕಾರದ ಹಳದಿ ಪ್ಯಾಶನ್ ಫ್ರೂಟ್ ಬಳ್ಳಿಯೂ ಹಾಗೇ, ಶೋಲಾ ಮರಗಳ ತಲೆಯ ಮೇಲೆ ಕಂಬಳಿ ಹಾಸಿಬಿಡುತ್ತದೆ. ಆಸ್ಟ್ರೇಲಿಯಾದಿಂದ ಬಂದ ವಾಟಲ್ ಮರದ ಬಗ್ಗೆ ಹೇಳುವುದೇ ಬೇಡ.

ಒಂದು ಸಲ ನೆಟ್ಟರೆ ವರ್ಷ ವರ್ಷ ಬರುವ ಹೂವು?

ಅಗಪಾಂಥಸ್ ನನ್ನ ಮೊದಲ ಆಯ್ಕೆ. ಹಿಮದ ಮರುದಿನವೂ ಹಸಿರಾಗಿರುತ್ತದೆ. ಡೇ ಲಿಲಿ, ಶಾಸ್ತಾ ಡೈಸಿ, ಆಲ್ಸ್‌ಟ್ರೊಮೇರಿಯಾ, ಕೆಂಡದ ಕೊಳ್ಳಿಯಂಥ ನಿಫೋಫಿಯಾ ಇವೆಲ್ಲ ನಡೆಯುತ್ತವೆ. ಬಿಳಿ ಕ್ಯಾಲಾ ಲಿಲಿ ಊಟಿಯ ಜವುಗಿನಲ್ಲಿ ತಾನೇ ಬೆಳೆದಿರುವುದನ್ನು ನೋಡಿರುತ್ತೀರಿ. ಹಿಮಕ್ಕೆ ಎಲೆ ಮಲಗುತ್ತದೆ, ಗಡ್ಡೆಯಿಂದ ಮತ್ತೆ ಏಳುತ್ತದೆ. ಡೇಲಿಯಾ ಕೂಡ ಹಾಗೇ. ಮೇಲಿನದು ಕಪ್ಪಾದರೆ ಹೆದರಬೇಡಿ, ನಮ್ಮ ನೆಲ ಒಳಗಿನವರೆಗೆ ಹೆಪ್ಪುಗಟ್ಟುವುದಿಲ್ಲ. ಫ್ಯೂಷಿಯಾ, ಬಿಗೋನಿಯಾ, ಗೌರಿಹೂವು ಕುಂಡದಲ್ಲಿರಲಿ, ರಾತ್ರಿ ಜಗಲಿಗೆ ಎತ್ತಿಡಿ.

ಅಡುಗೆಗೂ ಬೇಕು ಎಂದರೆ ರೋಸ್‌ಮೆರಿ, ಥೈಮ್. ರುಬಾರ್ಬ್ ಹಾಕಿದವರು ದಂಟು ಮಾತ್ರ ತಿನ್ನಿ, ಎಲೆ ವಿಷ. ಗಂಟೆಹೂವಿನ ಬ್ರಗ್‌ಮ್ಯಾನ್ಸಿಯಾ, ಫಾಕ್ಸ್‌ಗ್ಲೋವ್ ಅಡಿಯಿಂದ ಮುಡಿಯವರೆಗೆ ವಿಷ. ಚಿಕ್ಕ ಮಕ್ಕಳಿರುವ ಮನೆಗೆ ಬೇಡ.

ಲ್ಯಾವೆಂಡರ್ ಚಳಿಯ ಗಿಡ ಅಂತಾರೆ, ನಮ್ಮಲ್ಲಿ ಸತ್ತಿತು.

ಚಳಿಗೆ ಅಲ್ಲ, ಮಳೆಗೆ. ಬೇರು ಕೊಳೆತಿರುತ್ತದೆ. ಗುಡ್ಡೆ ಮಾಡಿ, ಜಲ್ಲಿ ಬೆರೆಸಿ, ಎಲೆಯಂಚು ಹಲ್ಲು ಹಲ್ಲಾಗಿರುವ ಜಾತಿ ನೆಡಿ.

ಯಾವ ತಿಂಗಳಲ್ಲಿ ನೆಡಬೇಕು?

ಮೇ ಕೊನೆ ಅಥವಾ ಜೂನ್. ಎರಡಡಿ ಉದ್ದ, ಅಗಲ, ಆಳದ ಗುಂಡಿ ಒಂದು ತಿಂಗಳು ಮೊದಲೇ ತೆಗೆದಿಡಿ. ಹಣ್ಣಿನ ಮರಕ್ಕೆ ಮರದಿಂದ ಮರಕ್ಕೆ ನಾಲ್ಕೈದು ಮೀಟರ್ ಬೇಕು. ಜೂನ್‌ನಲ್ಲಿ ನೆಟ್ಟರೆ ಮೊದಲ ಹಿಮಕ್ಕೆ ಆರು ತಿಂಗಳು ಸಿಗುತ್ತದೆ, ಬೇರು ಹಿಡಿಯುತ್ತದೆ. ಅಕ್ಟೋಬರ್‌ನಲ್ಲಿ ಮಳೆ ಇದೆ ಎಂದು ನೆಡುವವರು ಎಳೆ ಗಿಡವನ್ನು ಹಿಮದ ಬಾಯಿಗೆ ಕೊಡುತ್ತಾರೆ. ಸೆಪ್ಟೆಂಬರ್ ಆದ ಮೇಲೆ ಯೂರಿಯಾ, ಕೋಳಿ ಗೊಬ್ಬರ ನಿಲ್ಲಿಸಿ. ಆಗ ಬರುವ ಎಳೆ ಚಿಗುರು ಮೊದಲ ಹಿಮಕ್ಕೇ ಬೇಯುತ್ತದೆ.

ಇವತ್ತು ರಾತ್ರಿ ಹಿಮ ಬೀಳುವ ಹಾಗಿದೆ. ಏನು ಮಾಡಲಿ?

ಮಧ್ಯಾಹ್ನವೇ ಬುಡಕ್ಕೆ ನೀರು ಕೊಡಿ. ಒದ್ದೆ ಮಣ್ಣು ಹಗಲಿನ ಬಿಸಿ ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಸಂಜೆ ಬಿಸಿಲು ಹೋಗುವ ಮೊದಲೇ ಹಳೆಯ ಬೆಡ್‌ಶೀಟ್, ಗೋಣಿಚೀಲ ಹೊದಿಸಿ. ನಾಲ್ಕು ಕೋಲು ನೆಟ್ಟು ಅದರ ಮೇಲೆ ಹಾಕಿ, ಅಂಚು ನೆಲಕ್ಕೆ ತಾಗಲಿ. ಗಿಡದ ತಲೆಗೆ ಮಾತ್ರ ಬಟ್ಟೆ ಕಟ್ಟಿದರೆ ನೆಲದ ಬಿಸಿ ಒಳಗೆ ಬರುವುದಿಲ್ಲ. ಪ್ಲಾಸ್ಟಿಕ್ ಎಲೆಗೆ ತಾಗಿದರೆ ತಾಗಿದಲ್ಲಿ ಸುಡುತ್ತದೆ. ಬಿಸಿಲು ಬಂದ ಮೇಲೆ ತೆಗೆಯಲು ಮರೆಯಬೇಡಿ. ಟೀ ತೋಟದವರು ಎಳೆ ಗಿಡದ ಮೇಲೆ ಕಾಡು ಜರೀಗಿಡದ ಸೊಪ್ಪು ಹೊದಿಸುವುದು ನೋಡಿದ್ದೀರಲ್ಲ, ಅದೂ ಸಾಕು. ಸಂಜೆ ಮೋಡ ಕವಿದಿದ್ದರೆ ನೆಮ್ಮದಿಯಾಗಿ ಮಲಗಿ.

ಹಿಮ ಹೊಡೆದ ಕೊಂಬೆ ಕತ್ತರಿಸಿಬಿಡಲಾ?

ಮಾರ್ಚ್‌ವರೆಗೆ ಕೈ ಕಟ್ಟಿ ಕೂತಿರಿ. ಒಣಗಿದ ಎಲೆ ಕೆಳಗಿನ ಕೊಂಬೆಗೆ ಹೊದಿಕೆ. ಈಗಲೇ ಕತ್ತರಿಸಿದರೆ ಹೊಸ ಚಿಗುರು ಬರುತ್ತದೆ, ಮುಂದಿನ ಹಿಮಕ್ಕೆ ಅದೂ ಹೋಗುತ್ತದೆ. ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ.

ಗಿಡ ಎಲ್ಲಿ ಕೊಳ್ಳಲಿ? ಆನ್‌ಲೈನ್ ಸರಿಯಾ?

ಒಮ್ಮೆ ಆನ್‌ಲೈನ್‌ನಲ್ಲಿ "ಕಡಿಮೆ ಚಳಿಯ ಸೇಬು" ಎಂದು ಎರಡು ಗಿಡ ತರಿಸಿದೆ. ನಾಲ್ಕು ವರ್ಷ ನೀರು, ಗೊಬ್ಬರ, ಗೋಣಿಚೀಲ ಎಲ್ಲ ಆಯಿತು. ಕಸಿಯ ಮೇಲಿನ ಕಡ್ಡಿ ಯಾವಾಗಲೋ ಸತ್ತಿತ್ತು. ನಾನು ಸಾಕಿದ್ದು ಬುಡದ ಕಾಡುಸೇಬನ್ನು! ಅದಕ್ಕೇ ಈಗ ಕಣ್ಣಲ್ಲಿ ನೋಡಿ, ಕಸಿಯ ಗಂಟು ಮುಟ್ಟಿ ಕೊಳ್ಳುತ್ತೇನೆ. ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಅಂದೇ ಚಿವುಟಬೇಕು. ಕೂನೂರಿನ ತೋಟಗಾರಿಕೆ ಇಲಾಖೆಯ ತೋಟಗಳಲ್ಲಿ ಮೊದಲು ವಿಚಾರಿಸಿ. ಮೇ ತಿಂಗಳ ಹಣ್ಣಿನ ಪ್ರದರ್ಶನಕ್ಕೆ ಸಿಮ್ಸ್ ಪಾರ್ಕಿಗೆ ಹೋದರೆ ತಳಿಗಳ ಹೆಸರು, ಹಣ್ಣು ಎರಡೂ ಒಟ್ಟಿಗೆ ನೋಡಬಹುದು. ಜನಜಂಗುಳಿ ತಡೆಯುವ ಶಕ್ತಿ ಇರಬೇಕು ಅಷ್ಟೇ.

ನಾವು ತಾಳವಾಡಿಯವರು. ನಮ್ಮ ತಂಗಿ ಹೊಸೂರಿನಲ್ಲಿದ್ದಾಳೆ. ಇವೆಲ್ಲ ನಮಗೂ ಆಗುತ್ತವಾ?

ಹೆಚ್ಚಿನವು ಆಗುವುದಿಲ್ಲ. ಅಲ್ಲಿ ರಾತ್ರಿ ತಂಪು, ಆದರೆ ಈ ಮರಗಳಿಗೆ ಬೇಕಾದಷ್ಟು ಚಳಿಯ ಗಂಟೆ ಕೂಡುವುದಿಲ್ಲ. ಅಂಜೂರ, ಬೆಣ್ಣೆ ಹಣ್ಣು, ಸೀಬೆ, ನಿಂಬೆ ನಿಮ್ಮಲ್ಲಿ ನಮಗಿಂತ ಚೆನ್ನಾಗಿ ಬರುತ್ತವೆ. ಹೊಸೂರು ಗುಲಾಬಿಗೆ ಹೆಸರಾದ ಊರು, ಹೂವಿನ ಚಿಂತೆ ಬೇಡ. ಆಸೆ ತಡೆಯದಿದ್ದರೆ ಅನ್ನಾ, ಡಾರ್ಸೆಟ್ ಗೋಲ್ಡನ್ ಸೇಬಿನ ಒಂದು ಜೋಡಿ ನೆಟ್ಟು ನೋಡಿ. ಬೆಚ್ಚನೆಯ ಊರುಗಳಲ್ಲಿ ಎಲೆಗಳನ್ನು ಕೈಯಿಂದ ಕಿತ್ತು ಮರಕ್ಕೆ ಚಳಿಗಾಲ ಬಂತೆಂದು ನಂಬಿಸುವವರಿದ್ದಾರೆ. ಜಾವಾದಲ್ಲಿ ಸೇಬು ಬೆಳೆಯುವುದು ಹಾಗೆ.

ಹಣ್ಣಾದ ಮೇಲೆ ಕರಡಿ ಬರುತ್ತದಂತೆ, ನಿಜವಾ?

ನಿಜ. ಕೋಟಗಿರಿ, ಕೂನೂರು ಕಡೆ ಅದು ಸುದ್ದಿಯೇ ಅಲ್ಲ. ಬಿದ್ದ ಹಣ್ಣನ್ನು ಸಂಜೆಗೆ ಮೊದಲು ಹೆಕ್ಕಿ, ಕೊಳೆಯಲು ಬಿಡಬೇಡಿ. ವಾಸನೆಗೇ ಅದು ಬರುವುದು. ಮರವನ್ನು ಮಲಗುವ ಕೋಣೆಯ ಕಿಟಕಿಯಿಂದ, ಮಕ್ಕಳು ಓಡಾಡುವ ದಾರಿಯಿಂದ ದೂರ ನೆಡಿ. ಕಾಟಿಗೆ ಹಣ್ಣು ಬೇಡ, ಎಳೆ ಚಿಗುರು ಬೇಕು, ಅದಕ್ಕೆ ಮೊದಲ ಮೂರು ವರ್ಷ ಗಿಡದ ಸುತ್ತ ಗಟ್ಟಿ ಗೂಟ ಹೊಡೆಯಿರಿ. ಮಂಗನಿಗೆ ನನ್ನ ಹತ್ತಿರ ಉತ್ತರವಿಲ್ಲ. ನಮ್ಮ ಪ್ಲಮ್ ಮರದ ಮೇಲಿನ ಅರ್ಧ ಅವುಗಳದ್ದು, ಕೈಗೆ ಎಟುಕುವ ಅರ್ಧ ನಮ್ಮದು. ಅವು ಮಾತ್ರ ಒಮ್ಮೊಮ್ಮೆ ಈ ಒಪ್ಪಂದ ಮರೆಯುತ್ತವೆ.